ತಂಗಿಗೆ ಹಾಕಿದ ಕುರ್ಚಿಗಳು

ಪುಸ್ತಕದಂಗಡಿಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇತ್ತು. ಪ್ರತಿ ತಿಂಗಳ ಆರಂಭದಲ್ಲಿ ಅದರ ಮೇಲೆ ‘ಮುಂದಿನ ಕಾರ್ಯಕ್ರಮಗಳು’ ಎಂದು ಬರೆದು, ಯಾವ ಲೇಖಕರು ಯಾವ ಸಂಜೆ ಬಂದು ತಮ್ಮ ಪುಸ್ತಕ ಓದುತ್ತಾರೆ ಎಂದು ಸೀಮೆಸುಣ್ಣದಲ್ಲಿ ತಿಳಿಸುವುದು ಪುಸ್ತಕದಕ್ಕನ ಕೆಲಸ. ಆ ಹೆಸರು ಗಿರಾಕಿಗಳು ಇಟ್ಟದ್ದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರನ್ನು ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಅವಳು ಆ ಅಂಗಡಿ ಸೇರಿ ಇಪ್ಪತ್ತು ವರ್ಷ ಮಿಕ್ಕಿತ್ತು. ಪುಸ್ತಕ ಜೋಡಿಸುವುದು, ಮಾರುವುದು, ಬಂದ ಲೇಖಕರಿಗೆ ಟೀ ಕೊಡುವುದು, ಮೈಕಿನ ಮುಂದೆ ನಿಂತು ಅವರನ್ನು ಪರಿಚಯಿಸುವುದು, ಎಲ್ಲ ಮುಗಿದ ಮೇಲೆ ಕುರ್ಚಿ ಮಡಚಿಡುವುದು, ಒಂದೂ ಬಿಡದೆ ಅವಳದೇ.

ಆ ತಿಂಗಳು ಅವಳು ಮೊದಲ ಮೂರು ಹೆಸರುಗಳಿಗೆ ಬಹಳ ಧಾರಾಳವಾಗಿ ಜಾಗ ಕೊಟ್ಟಳು. ತಮ್ಮ ಪದ್ಯಕ್ಕೆ ತಾವೇ ಅಳುವ ಕವಿಗಳಿಗೆ ಎರಡು ಸಾಲು. ನದಿಯ ದಂಡೆ ಹಿಡಿದು ಕೊನೆಯವರೆಗೂ ನಡೆದ ಪ್ರವಾಸಿಗೆ ಎರಡು ಸಾಲು. ಮಕ್ಕಳಿಗೆ ಕತೆ ಹೇಳುವ ಅಜ್ಜನಿಗೆ ಸುತ್ತ ಹೂಬಳ್ಳಿ ಬೇರೆ. ನಾಲ್ಕನೆಯ ಹೆಸರಿನ ಹೊತ್ತಿಗೆ ಹಲಗೆಯೇ ಮುಗಿದಿತ್ತು. ಮುಗಿಯಲಿ ಎಂದೇ ಹಾಗೆ ಬರೆದದ್ದು. ಉಳಿದ ಒಂದು ಹೆಸರನ್ನು ತೀರಾ ಕೆಳಗೆ, ಕೊಡೆ ನಿಲ್ಲಿಸುವ ಡಬ್ಬಕ್ಕೆ ಮರೆಯಾಗುವ ಮೂಲೆಯಲ್ಲಿ ತುರುಕಿದಳು. ಅದು ಅವಳ ತಂಗಿಯ ಹೆಸರು.

ಅಂಗಡಿಯ ಯಜಮಾನರು ಹೊರಗೆ ಬಂದು, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದರು.

“ಅಲ್ಲಮ್ಮಾ, ಸ್ವಂತ ತಂಗಿ ಅಂತ ಇಷ್ಟು ಸಂಕೋಚ ಪಡೋದಾ? ಜನ ಏನಂದ್ಕೊಳ್ತಾರೋ ಅಂತ ತಾನೆ? ಅಂದ್ಕೊಳ್ಳಲಿ ಬಿಡಿ!” ಎಂದವರೇ ತಮ್ಮ ಕರವಸ್ತ್ರದಲ್ಲಿ ಹಲಗೆಯ ಮೇಲಿನ ಅರ್ಧ ಒರೆಸಿಬಿಟ್ಟರು. “ಇಲ್ಲಿ ಬರೀರಿ. ದೊಡ್ಡದಾಗಿ.”

ಅವಳು ಬರೆದಳು. ಸೀಮೆಸುಣ್ಣ ಎರಡು ಸಲ ಮುರಿಯಿತು.

ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ತಂಗಿ ತೊಟ್ಟಿಲಲ್ಲಿ ಮಲಗಿದ್ದಾಗ ಶುರುವಾದದ್ದು. ಇಷ್ಟು ವರ್ಷ ಬೂದಿ ಮುಚ್ಚಿದ ಕೆಂಡದಂತೆ ತೆಪ್ಪಗಿತ್ತು. ತಂಗಿಯ ಪುಸ್ತಕ ಬಂದದ್ದೇ ತಡ, ಭುಗಿಲ್ಲೆಂದಿತು.

ತಂಗಿಗೆ ಮನೆಯಲ್ಲಿ ಪುಟ್ಟಿ ಅನ್ನುತ್ತಾರೆ. ತಲೆ ಅರ್ಧ ಬೆಳ್ಳಗಾಗಿದ್ದರೂ ಪುಟ್ಟಿಯೇ. ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಅವಳಿಗೆ ಕೆಲಸ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, “ನೋಡ್ಕೊಂಡು, ನೋಡ್ಕೊಂಡು” ಎನ್ನುವುದು. ರಸ್ತೆಯ ಮೇಲೆ ಕಣ್ಣು ನೆಟ್ಟಿರುವಾಗ ಜನ ಮುಖ ನೋಡಿ ಆಡಲಾರದ ಮಾತನ್ನೆಲ್ಲ ಆಡಿಬಿಡುತ್ತಾರಂತೆ. ಗಂಡನನ್ನು ಬಿಡಬೇಕೆಂದಿದ್ದೇನೆ ಅನ್ನುವವರು, ಮಗಳ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು ಅನ್ನುವವರು, ಗೇರು ಬದಲಿಸುತ್ತ ಬದಲಿಸುತ್ತ ಅತ್ತುಬಿಡುವವರು. ಪುಟ್ಟಿ ಅವನ್ನೆಲ್ಲ ಹೆಸರು ಊರು ಬದಲಿಸಿ, ತನಗೆ ತೋಚಿದ ಹಾಗೆ ಬರೆದಳು. ಅದು ಪುಸ್ತಕವಾಯಿತು. ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಗಿ ಎರಡನೇ ಮುದ್ರಣಕ್ಕೆ ಹೋಯಿತು. ಪತ್ರಿಕೆಯಲ್ಲಿ ಸ್ಟೀರಿಂಗ್ ಹಿಡಿದ ಅವಳ ಫೋಟೋ ಬಂತು.

ಆ ಪುಟ್ಟಿ ಜೀವಮಾನದಲ್ಲಿ ಒಂದು ಪುಸ್ತಕವನ್ನೂ ಪೂರ್ತಿ ಓದಿದವಳಲ್ಲ! ಅಕ್ಕ ವರ್ಷ ವರ್ಷವೂ ಆರಿಸಿ ಆರಿಸಿ ಕೊಟ್ಟ ಪುಸ್ತಕಗಳಲ್ಲಿ ಒಂದು ಅವಳ ಮನೆಯ ಕುಂಟು ಮೇಜಿನ ಕಾಲ ಕೆಳಗೆ ಇದ್ದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಓದಿ ಓದಿ ಕಣ್ಣಿಗೆ ದಪ್ಪ ಗಾಜು ಹಾಕಿಕೊಂಡವಳು ಒಬ್ಬಳು, ಫೋಟೋ ಬಂದದ್ದು ಇನ್ನೊಬ್ಬಳದು. ಅಕ್ಕನೂ ಹಿಂದೆ ಬರೆಯಲು ಕೂತವಳೇ. ಎರಡು ಪುಟ ಬರೆಯುವಷ್ಟರಲ್ಲಿ, ಇದನ್ನು ಇನ್ಯಾರೋ ಇದಕ್ಕಿಂತ ಚೆನ್ನಾಗಿ ಬರೆದಿದ್ದಾರಲ್ಲ ಎಂದು ನೆನಪಾಗುತ್ತಿತ್ತು, ಹರಿದು ಹಾಕುತ್ತಿದ್ದಳು. ಪುಟ್ಟಿಗೆ ನೆನಪಾಗುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಬರೆದುಬಿಟ್ಟಳು. ಹೀಗೆಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಹೊಟ್ಟೆ ತಣ್ಣಗಾಯಿತೇ ಅಂದರೆ, ಇಲ್ಲ.

ಇದರ ಮೇಲೆ ಅಮ್ಮ. ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಸ್ನಾನ, ಮಾತ್ರೆ, ಕಾಲಿಗೆ ಎಣ್ಣೆ, ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ, ಎಲ್ಲ ಅಕ್ಕನ ಕೈಯಿಂದಲೇ ಆಗಬೇಕು. ಪುಟ್ಟಿ ಭಾನುವಾರ ಬರುತ್ತಾಳೆ, ಒಂದು ಚೀಲ ಹಣ್ಣು ತರುತ್ತಾಳೆ, ಕಾರಿನಲ್ಲಿ ಆ ವಾರ ಯಾರು ಯಾವ ಕಂಬಕ್ಕೆ ಗುದ್ದಿದರೆಂದು ಅಭಿನಯ ಮಾಡಿ ತೋರಿಸುತ್ತಾಳೆ. ಅಮ್ಮ ಹಲ್ಲಿನ ಸೆಟ್ಟು ಉದುರುವ ಹಾಗೆ ನಗುತ್ತಾಳೆ. ಅದೇ ಕತೆಯನ್ನು ಸೋಮವಾರ ಅಕ್ಕ ಹೇಳಿದರೆ, “ಫ್ಯಾನು ಸ್ವಲ್ಪ ಕಮ್ಮಿ ಮಾಡೇ” ಅನ್ನುತ್ತಾಳೆ.

ಪರಿಚಯ ಹೇಳುವ ಮುಂಚೆ ಆ ಪುಸ್ತಕವನ್ನು ಮೊದಲಿನಿಂದ ಕಡೆಯವರೆಗೆ ಓದುವುದು ಅಕ್ಕನ ವ್ರತ. ಅದನ್ನು ಅವಳು ಯಾವ ಕೆಟ್ಟ ಕವಿಗೂ ತಪ್ಪಿಸಿದವಳಲ್ಲ. ತಂಗಿಯ ಪುಸ್ತಕವನ್ನೂ ಓದಿದಳು, ಆದರೆ ಕೈಯಲ್ಲಿ ಪೆನ್ಸಿಲು ಹಿಡಿದು, ಮೊಸರಿನಲ್ಲಿ ಕಲ್ಲು ಹುಡುಕುವವಳ ಹಾಗೆ. ಕಲ್ಲು ಸಿಕ್ಕಿದವು. ಒಂದೇ ಮಾತು ಎರಡೆರಡು ಸಲ ಬಂದಿತ್ತು, ಒಂದು ಕತೆಯಲ್ಲಿ ನೀಲಿ ಕಾರು ಎರಡು ಪುಟದ ನಂತರ ಬಿಳಿಯಾಗಿತ್ತು. ಖುಷಿಯಿಂದ ಗುರುತು ಹಾಕಿದಳು. ಅಷ್ಟರಲ್ಲಿ ಒಬ್ಬ ಮುದುಕರ ಕತೆ ಬಂತು. ಹೆಂಡತಿ ತೀರಿಕೊಂಡ ಮೇಲೆ, ಅವಳು ಓಡಿಸುತ್ತಿದ್ದ ಕಾರು ಮನೆ ಮುಂದೆ ಧೂಳು ತಿನ್ನುವುದನ್ನು ನೋಡಲಾಗದೆ, ಆ ವಯಸ್ಸಿನಲ್ಲಿ ಕಲಿಯಲು ಬಂದವರು. ಪ್ರತಿ ತಿರುವಿನಲ್ಲೂ ಪಕ್ಕದ ಸೀಟಿನ ಕಡೆ ತಿರುಗಿ, “ನೋಡು, ಸರಿಯಾಗಿ ತಿರುಗಿಸಿದೆನಾ?” ಅನ್ನುತ್ತಿದ್ದರು. ಕೇಳುತ್ತಿದ್ದದ್ದು ಪುಟ್ಟಿಯನ್ನಲ್ಲ. ಅಕ್ಕ ಅಲ್ಲಿ ಪೆನ್ಸಿಲು ಕೆಳಗಿಟ್ಟು ಅತ್ತಳು. ಅತ್ತ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಪುಸ್ತಕ ಕೆಟ್ಟದಾಗಿದ್ದರೆ ತಂಗಿಯನ್ನು ಕ್ಷಮಿಸಬಹುದಿತ್ತು.

ಇನ್ನು ಕುರ್ಚಿಯ ವಿಷಯ ಹೇಳಬೇಕು. ಸಣ್ಣ ಪುಸ್ತಕದಂಗಡಿಯವರಿಗೆ ಗೊತ್ತಿರುವ ಒಂದು ವಿದ್ಯೆ ಇದೆ, ಹೊರಗಿನವರಿಗೆ ಅದು ತಿಳಿಯದು. ಓದುವ ಕಾರ್ಯಕ್ರಮಕ್ಕೆ ಎಷ್ಟು ಜನ ಬರಬಹುದು ಎಂದು ಅನಿಸುತ್ತದೋ ಅದಕ್ಕಿಂತ ಕಡಿಮೆ ಕುರ್ಚಿ ಹಾಕಬೇಕು. ಇಪ್ಪತ್ತು ಜನ ಬರುವ ಕಡೆ ಹದಿನೈದು ಕುರ್ಚಿ. ಐದು ಜನ ಗೋಡೆಗೆ ಒರಗಿ ನಿಂತರೆ ಸಭೆ ತುಂಬಿ ತುಳುಕಿದ ಹಾಗೆ ಕಾಣುತ್ತದೆ. ಬಂದವರಿಗೆ ತಾವು ಏನೋ ದೊಡ್ಡದಕ್ಕೆ ಬಂದಿದ್ದೇವೆ ಅನಿಸುತ್ತದೆ, ಲೇಖಕರ ದನಿ ಏರುತ್ತದೆ, ಪುಸ್ತಕ ಖರ್ಚಾಗುತ್ತದೆ. ಅದೇ ಇಪ್ಪತ್ತು ಜನರಿಗೆ ಐವತ್ತು ಕುರ್ಚಿ ಹಾಕಿ ನೋಡಿ. ಯಾರೂ ಮುಂದೆ ಕೂರುವುದಿಲ್ಲ. ಒಬ್ಬೊಬ್ಬರ ನಡುವೆ ಮೂರು ಮೂರು ಕುರ್ಚಿ ಖಾಲಿ. ಪಾಪದ ಲೇಖಕ ಖಾಲಿ ಕುರ್ಚಿಗಳಿಗೆ ಓದಿ ಹೇಳಿ ಮನೆಗೆ ಹೋಗಬೇಕು. ಈ ವಿದ್ಯೆಯನ್ನು ಯಜಮಾನರಿಗೆ ಕಲಿಸಿದವಳೇ ಪುಸ್ತಕದಕ್ಕ. ಎಂಟು ಜನ ಬಂದ ಸಂಜೆಯನ್ನೂ ಆರು ಸ್ಟೂಲಿನಿಂದ ಗೆಲ್ಲಿಸಿದ ಕೀರ್ತಿ ಅವಳದು.

ತಂಗಿಯ ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳು ಪ್ಯಾಕಿಂಗ್ ಮಾಡುವವನನ್ನು ಕರೆದು, ನೆಲಮಾಳಿಗೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಮೇಲೆ ತರಿಸಿದಳು. ಸಾಲದೆಂದು ಮಹಡಿಯ ಮೇಲಿನ ಸಂಗೀತ ಶಾಲೆಯಿಂದಲೂ ಹೊರಿಸಿದಳು. ನಡುವಿನ ಮೇಜುಗಳನ್ನು ಗೋಡೆಗೆ ತಳ್ಳಿಸಿ, ಬಾಗಿಲಿನವರೆಗೂ ಸಾಲು ಹಾಕಿಸಿದಳು.

“ಏನಕ್ಕಾ, ಪುಸ್ತಕ ಓದ್ತಾರೋ, ಮದುವೆ ಮಾಡ್ತಾರೋ?” ಎಂದ ಪ್ಯಾಕಿಂಗಿನವನು, ಬೆವರು ಒರೆಸಿಕೊಳ್ಳುತ್ತ.

“ನಿನಗ್ಯಾಕೆ? ಹಾಕು ಅಂದ್ರೆ ಹಾಕು.”

ಯಜಮಾನರು ಬಂದವರು ಬಾಗಿಲಲ್ಲೇ ನಿಂತರು. “ಇದೇನಮ್ಮಾ ಇದು? ಹದಿನೈದರ ಮೇಲೆ ಒಂದು ಹಾಕಿದ್ರೂ ನನ್ನ ಮೇಲೆ ರೇಗೋರು ನೀವು! ತೆಗೆಸಿ, ಅರ್ಧ ತೆಗೆಸಿ.”

“ಬೇಡ ಸರ್. ಪುಸ್ತಕ ಚೆನ್ನಾಗಿ ಹೋಗ್ತಾ ಇದೆ. ಜನ ಬರ್ತಾರೆ. ನನ್ನ ತಂಗಿ ಕಾರ್ಯಕ್ರಮಕ್ಕೆ ಬಂದೋರು ನಿಂತ್ಕೊಳ್ಳೋದು ನಂಗಿಷ್ಟ ಇಲ್ಲ.”

ಈ ಮಾತನ್ನು ಅವಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದಳು. ಯಜಮಾನರು ಅವಳನ್ನೇ ಒಂದು ಗಳಿಗೆ ನೋಡಿದರು. ಅವಳು ತಟ್ಟನೆ ಬಗ್ಗಿ ನೆಟ್ಟಗಿದ್ದ ಸಾಲನ್ನೇ ಮತ್ತೆ ನೆಟ್ಟಗೆ ಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೆ ಇನ್ನೇನು ಬೇಕು? ಆದರೆ ಯಜಮಾನರ ಕಣ್ಣು ತೇವವಾಗಿತ್ತು.

“ಒಡಹುಟ್ಟು ಅಂದ್ರೆ ಇದು ನೋಡಿ. ನನ್ನ ತಮ್ಮ ಇದ್ದಾನೆ, ನನಗೆ ಒಂದು ಮುರುಕು ಸ್ಟೂಲೂ ಹಾಕಲ್ಲ,” ಎಂದು ಒಳಗೆ ಹೋದರು.

ಸಂಜೆಯಾಯಿತು. ಪುಟ್ಟಿ ಅಮ್ಮನನ್ನು ಕಾರಿನಲ್ಲಿ ಕರೆತಂದಳು. ಮುಂದಿನ ಸಾಲಿನ ನಟ್ಟನಡುವೆ ಅಮ್ಮನನ್ನು ಕೂರಿಸಿ, ಸಾಲು ಸಾಲು ಕುರ್ಚಿ ನೋಡಿ, “ಅಯ್ಯಯ್ಯೋ, ಇಷ್ಟೊಂದಾ!” ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳು ಹೆದರಿದ್ದು ಅಕ್ಕನಿಗೆ ಕಾಣಿಸಿತು. ನೋಡಲು ಚೆನ್ನಾಗಿತ್ತು.

ಜನ ಬಂದರು. ನಿಜ ಹೇಳಬೇಕೆಂದರೆ ಆ ಅಂಗಡಿಗೆ ಅದು ಒಳ್ಳೆಯ ಸಭೆಯೇ. ಪದ್ಯಕ್ಕೆ ಅಳುವ ಕವಿಗಳಿಗೆ ಬಂದದ್ದರ ಎರಡರಷ್ಟು ಬಂದಿದ್ದರು. ಪುಟ್ಟಿಯ ಹಳೆಯ ಶಿಷ್ಯರು ಕೆಲವರು, ಪತ್ರಿಕೆ ನೋಡಿ ಬಂದ ಹೆಂಗಸರು ಕೆಲವರು, ಜೊತೆಗೆ ಯಾವ ಕಾರ್ಯಕ್ರಮವನ್ನೂ ತಪ್ಪಿಸದ, ಓದಿದ್ದಕ್ಕಿಂತ ಉದ್ದದ ಪ್ರಶ್ನೆ ಕೇಳುವ ನಿವೃತ್ತ ಮೇಷ್ಟ್ರು. ಹದಿನೈದು ಕುರ್ಚಿಯಾಗಿದ್ದರೆ ಅರ್ಧಕ್ಕರ್ಧ ಜನ ನಿಂತಿರುತ್ತಿದ್ದರು, ಬಾಗಿಲಲ್ಲಿ ನೂಕುನುಗ್ಗಲಾಗಿರುತ್ತಿತ್ತು. ಈಗ ಅವರೆಲ್ಲ ಅಷ್ಟು ದೊಡ್ಡ ಹರಹಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಚೆದುರಿ, ಹಿಂದಿನ ಸಾಲುಗಳಲ್ಲಿ ಗೋಡೆ ಹಿಡಿದು ಕೂತರು. ಮುಂದಿನ ನಾಲ್ಕು ಸಾಲಿನಲ್ಲಿ ಅಮ್ಮ ಒಬ್ಬಳೇ. ಅವಳ ಪಕ್ಕದಲ್ಲಿ ಅವಳ ಕೈಚೀಲ.

ಅಕ್ಕನಿಗೆ ಖುಷಿಯಾಯಿತು. ಸುಳ್ಳೇಕೆ, ಮೊದಲು ಖುಷಿಯೇ ಆಯಿತು.

ಅವಳು ಮೈಕಿನ ಮುಂದೆ ನಿಂತಳು. ಹೇಳಬೇಕಾದ ಮಾತನ್ನು ವಾರದಿಂದ ಮಸೆದು ಇಟ್ಟಿದ್ದಳು. “ಓದಿನ ಭಾರವಿಲ್ಲದ ಸಹಜ ಬರವಣಿಗೆ” ಎಂದಳು. ಅಂದರೆ ಏನೂ ಓದಿಕೊಂಡಿಲ್ಲ ಎಂದರ್ಥ. “ಭಾಷೆಯ ಕಟ್ಟುಪಾಡಿಗೆ ಸಿಕ್ಕದ ಸ್ವಚ್ಛಂದ ಶೈಲಿ” ಎಂದಳು. ಅಂದರೆ ನೆಟ್ಟಗೆ ಬರೆಯಲು ಬರುವುದಿಲ್ಲ ಎಂದರ್ಥ. ಮೇಷ್ಟ್ರು ತಲೆದೂಗಿದರು. ಪುಟ್ಟಿ ಪಕ್ಕದಲ್ಲಿ ಕೂತು, ಅಕ್ಕ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡುತ್ತಿದ್ದಾಳಲ್ಲ ಎಂದು ಮುಖ ಅರಳಿಸಿಕೊಂಡು ಕೇಳಿದಳು. ಚಪ್ಪಾಳೆ ಬಿತ್ತು. ದೂರ ದೂರ ಕೂತವರ ಚಪ್ಪಾಳೆ ಎಷ್ಟೇ ಜೋರಾದರೂ ಬಿಡಿ ಬಿಡಿಯಾಗಿಯೇ ಕೇಳುತ್ತದೆ.

ಅದು ನಿಂತ ಮೇಲೆ, ಕಿವಿ ಮಂದವಾದ್ದರಿಂದ ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡುವ ಅಮ್ಮ, ಹಿಂದಕ್ಕೆ ತಿರುಗಿ ನೋಡಿ ಕೇಳಿದಳು:

“ಇಷ್ಟೇ ಜನಾನಾ ಪುಟ್ಟಿ? ಬಾಕಿಯೋರು ಯಾಕೆ ಬರ್ಲಿಲ್ಲ?”

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಪುಟ್ಟಿ ಎದ್ದು ನಿಂತಳು. “ಹಿಂದೆ ಕೂತಿರೋರು ಸ್ವಲ್ಪ ಮುಂದೆ ಬನ್ನಿಯಪ್ಪಾ, ಗಾಡಿ ಹಿಂದಕ್ಕೆ ವಾಲ್ತಾ ಇದೆ,” ಎಂದಳು. ತುಂಬಿದ ಸಭೆಯಲ್ಲಾಗಿದ್ದರೆ ಆ ಮಾತಿಗೆ ಚಾವಣಿ ಹಾರುವಷ್ಟು ನಗು ಬರುತ್ತಿತ್ತು. ಇಲ್ಲಿ ಒಬ್ಬರು ಕೆಮ್ಮಿದರು. ಯಾರೂ ಜಾಗ ಬಿಟ್ಟು ಏಳಲಿಲ್ಲ.

ಅವಳು ಓದಲು ಶುರು ಮಾಡಿದಳು, ಆ ಮುದುಕರ ಕತೆಯನ್ನೇ. ಎಂಥ ಕಡೆಯೂ ಮಾತಿಗೆ ತಡವರಿಸದ ಪುಟ್ಟಿ, ಎರಡನೇ ಪುಟದಲ್ಲಿ ತಡವರಿಸಿದಳು. ತಲೆ ಎತ್ತಿದಳು, ಸಾಲುಗಳನ್ನು ನೋಡಿದಳು, ಸಾಲು ತಪ್ಪಿ ಓದಿದ್ದನ್ನೇ ಮತ್ತೆ ಓದಿದಳು. ನೀರು ಕುಡಿದಳು. “ನೋಡು, ಸರಿಯಾಗಿ ತಿರುಗಿಸಿದೆನಾ?” ಎನ್ನುವ ಸಾಲನ್ನು ಅರ್ಧಕ್ಕೇ ಬಿಟ್ಟಳು. ಅಕ್ಕ ಗೋಡೆಗೆ ಒರಗಿ ನೋಡುತ್ತಿದ್ದಳು. ಅಂದುಕೊಂಡದ್ದು ಅಂದುಕೊಂಡ ಹಾಗೆಯೇ ಆಗಿತ್ತು. ಆದರೆ ಆ ಕತೆ ಹಾಳಾಗುತ್ತಿತ್ತು. ತಾನು ಅತ್ತ ಕತೆ ಅದು. ಹಿಂದಿನ ಸಾಲಿನವರಿಗೆ ಅದು ತಲುಪಲೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಒಳ್ಳೆಯ ಪುಸ್ತಕವನ್ನು ಹೀಗೆ ಸಾಯಲು ಬಿಟ್ಟವಳಲ್ಲ. ಮೇಷ್ಟ್ರು ಕೂಡ ಆ ದಿನ ಚುಟುಕಾಗಿ ಒಂದೇ ಪ್ರಶ್ನೆ ಕೇಳಿ ಕೂತುಬಿಟ್ಟರು. ಅದಕ್ಕಿಂತ ದೊಡ್ಡ ಅವಮಾನ ಆ ಅಂಗಡಿಯಲ್ಲಿ ಯಾವ ಲೇಖಕನಿಗೂ ಆದದ್ದಿಲ್ಲ.

ಜನ ಬೇಗ ಬೇಗ ಹೋದರು. ಯಜಮಾನರು ಬಾಗಿಲ ಬಳಿ ಪುಟ್ಟಿಯನ್ನು ನಿಲ್ಲಿಸಿಕೊಂಡು ಏನೋ ಸಮಾಧಾನ ಹೇಳಿ, ಅಮ್ಮನನ್ನು ಟೀ ಕುಡಿಸಲು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಕ್ಕ ಕುರ್ಚಿ ಮಡಚತೊಡಗಿದಳು. ಪುಟ್ಟಿ ಬಂದು ಇನ್ನೊಂದು ಕಡೆಯಿಂದ ಮಡಚತೊಡಗಿದಳು.

ಈಗ ಬೈಯುತ್ತಾಳೆ ಎಂದುಕೊಂಡಳು ಅಕ್ಕ. ಬೈಯಲಿ. ಉತ್ತರ ಸಿದ್ಧವಿತ್ತು. ನಿನ್ನ ಜನ ಬರಲಿಲ್ಲ, ಕುರ್ಚಿ ಏನು ಮಾಡುತ್ತದೆ? ಹಾಗೆ ಕೇಳುವುದೆಂದು ತುದಿನಾಲಿಗೆಯಲ್ಲಿ ಇಟ್ಟುಕೊಂಡಿದ್ದಳು.

ಪುಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ, “ನಿನ್ನ ಮಾನ ಕಳೆದುಬಿಟ್ಟೆ ಅಲ್ವೇನಕ್ಕಾ?” ಎಂದಳು.

“ನನ್ನ ಮಾನಾನಾ?”

“ಹೂಂ. ಯಜಮಾನ್ರು ಈಗ ಹೇಳಿದ್ರು. ಬೆಳಿಗ್ಗೆ ಅವರು ಬೇಡ ಅಂದ್ರೂ ನೀನು ಕೇಳ್ಲಿಲ್ಲವಂತೆ. ನನ್ನ ತಂಗಿಗೆ ಜನ ಬಂದೇ ಬರ್ತಾರೆ, ಯಾರೂ ನಿಂತ್ಕೋಬಾರ್ದು ಅಂತ ಮೇಲಿಂದೆಲ್ಲ ಕುರ್ಚಿ ತರಿಸಿದೆಯಂತೆ. ಕಾರ್ಯಕ್ರಮಕ್ಕೆ ಮುಂಚೆ ಆ ಪ್ಯಾಕಿಂಗಿನವನೂ ಅದನ್ನೇ ಹೇಳಿದ್ದ.” ಪುಟ್ಟಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಓದ್ತಾ ಓದ್ತಾ ತಲೆ ಎತ್ತಿದ್ರೆ ಬರೀ ಖಾಲಿ ಕುರ್ಚಿ. ನಂಗೆ ನನ್ನ ಚಿಂತೆ ಇರ್ಲಿಲ್ಲ ಕಣೇ. ಅಕ್ಕ ಇಷ್ಟು ನಂಬಿದ್ಳಲ್ಲ, ನನ್ನಿಂದಾಗಿ ಅವಳು ಯಜಮಾನ್ರ ಮುಂದೆ ತಲೆ ತಗ್ಗಿಸೋ ಹಾಗಾಯ್ತಲ್ಲ ಅನ್ನೋದೇ ತಲೇಲಿ ಕೂತ್ಬಿಡ್ತು. ಆಮೇಲೆ ಓದೋಕೇ ಆಗ್ಲಿಲ್ಲ.”

ಅಕ್ಕನ ಕೈಯಲ್ಲಿದ್ದ ಕುರ್ಚಿ ಅರ್ಧ ಮಡಚಿ ಹಾಗೇ ನಿಂತಿತು. ಸಿದ್ಧಮಾಡಿಕೊಂಡಿದ್ದ ಉತ್ತರಕ್ಕೆ ಈಗ ಪ್ರಶ್ನೆಯೇ ಇರಲಿಲ್ಲ. ಬೇಡ ಬೇಡ ಅನ್ನುತ್ತಿರುವಾಗಲೇ ಬಾಯಿಂದ ಮಾತು ಬಿದ್ದುಹೋಯಿತು.

“ನಂಬಿ ಹಾಕಿಸಿದ್ದಲ್ಲ ಪುಟ್ಟಿ. ನಿನಗೆ ಮುಖಭಂಗ ಆಗ್ಲಿ ಅಂತ ಹಾಕಿಸಿದ್ದು. ಕುರ್ಚಿ ಜಾಸ್ತಿ ಇದ್ರೆ ಸಭೆ ಬಿದ್ದುಹೋಗುತ್ತೆ. ನಂಗೆ ಗೊತ್ತಿತ್ತು.”

ಪುಟ್ಟಿ ಕಣ್ಣರಳಿಸಿ ಅವಳನ್ನು ನೋಡಿದಳು. ಆಮೇಲೆ ಆ ಸಂಜೆ ಮೊದಲ ಸಲ ನಕ್ಕಳು.

“ಸಾಕು ಬಿಡೇ! ನನ್ನ ಸಮಾಧಾನ ಮಾಡೋಕೆ ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಳ್ಳೋದು ಬೇರೆ. ಚಿಕ್ಕೋರಿದ್ದಾಗಲೂ ಹಿಂಗೇ ಮಾಡ್ತಿದ್ದೆ ನೀನು.”

ಚಿಕ್ಕವರಿದ್ದಾಗ ತಾನು ಹಾಗೆ ಮಾಡಿದ ಒಂದು ದಿನವೂ ಅಕ್ಕನಿಗೆ ನೆನಪಿರಲಿಲ್ಲ. ತಂಗಿಗೆ ಹೇಗೋ ಅಂಥವೇ ನೆನಪಿದ್ದವು. ಪುಟ್ಟಿ ಅವಳ ಕೈಯಿಂದ ಕುರ್ಚಿ ತೆಗೆದುಕೊಂಡು, ಸರಕ್ಕನೆ ಮಡಚಿ, ಏನೋ ಗುನುಗಿಕೊಳ್ಳುತ್ತ ಮುಂದಿನ ಸಾಲಿಗೆ ಹೋದಳು.

ತಾನಾಗಿದ್ದರೆ? ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಆ ಸಾಲುಗಳನ್ನು ನೋಡಿ, ಇದು ಯಾರ ಕೆಲಸ, ಯಾಕೆ ಮಾಡಿದ್ದು ಎಂದು ಹೇಳಿಬಿಡುತ್ತಿದ್ದಳು. ಬಾಯಿಬಿಟ್ಟು ಹೇಳಿದರೂ ಪುಟ್ಟಿಗೆ ಹೊಳೆಯಲಿಲ್ಲ. ಅಂಥದ್ದು ಹೊಳೆಯುವ ಜಾಗವೇ ಅವಳೊಳಗೆ ಇರಲಿಲ್ಲ. ಮಾತು, ಅಮ್ಮನ ನಗು, ಪುಸ್ತಕ, ಫೋಟೋ, ಎಲ್ಲ ಇಟ್ಟುಕೊಳ್ಳಲಿ. ಈ ಮನಸ್ಸೂ ಅವಳಿಗೇ ಸಿಕ್ಕಿರಬೇಕೇ? ಪುಸ್ತಕದಕ್ಕ ಖಾಲಿ ಕುರ್ಚಿಗಳ ನಡುವೆ ನಿಂತು ತಂಗಿಯ ಬೆನ್ನನ್ನೇ ನೋಡಿದಳು. ಅವಳು ಹುಟ್ಟಿದಂದಿನಿಂದ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕವಾದರೆ, ಇದೊಂದೇ ಒಂದು ತೂಕವಾಗಿತ್ತು.